ಆಫರ್ ಲೆಟರ್ ಮೇಲೆ ಯಾರ ಹೆಸರಿದೆ? ಇಒಆರ್ ನೇಮಕಾತಿಯನ್ನು ಬಿಡಿಸಿ ನೋಡಿದರೆ

ಕೆಲಸ ಕೊಡುವುದು ಅಮೆರಿಕದ ಕಂಪನಿ. ಇಂಟರ್‌ವ್ಯೂ ಮಾಡುವುದು ಅವರೇ, ಸಂಬಳ ಮಾತಾಡುವುದೂ ಅವರೇ. ಆದರೆ ಮೇಲ್‌ನಲ್ಲಿ ಬರುವ ಆಫರ್ ಲೆಟರ್ ಮೇಲೆ ಬೇರೆಯದೇ ಹೆಸರು. ಬೆಂಗಳೂರಿನಲ್ಲೋ ಗುರುಗ್ರಾಮದಲ್ಲೋ ನೋಂದಣಿಯಾದ, ಹಿಂದೆಂದೂ ಕೇಳಿರದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಪಿಎಫ್ ಕಟ್ಟುವುದು ಅದು. ಟಿಡಿಎಸ್ ಹಿಡಿಯುವುದು ಅದು. ರಜೆ ಹಾಕಬೇಕಾದದ್ದೂ ಅದರ ಪೋರ್ಟಲ್‌ನಲ್ಲೇ. ಮನೆಯಲ್ಲಿ ಕೇಳುತ್ತಾರೆ: 'ಇದೇನು ಏಜೆನ್ಸಿ ಕೆಲಸವಾ? ನಾಳೆ ಅವರು ಕೈ ಎತ್ತಿಬಿಟ್ಟರೆ?'

ಈ ಪ್ರಶ್ನೆಗೆ ಈಗ ಬಿಸಿ ಬಂದಿರುವುದಕ್ಕೆ ಎರಡು ಸುದ್ದಿಗಳು ಕಾರಣ. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಹೇರಿದರು. ಎರಡು ತಿಂಗಳ ನಂತರ, ನವೆಂಬರ್ 21ರಂದು, ಭಾರತ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಒಂದು ಸುದ್ದಿ ಕೆಲಸವನ್ನು ಈ ಕಡೆಗೆ ತಳ್ಳುತ್ತದೆ. ಇನ್ನೊಂದು ಇಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವ ನಿಯಮವನ್ನೇ ಬದಲಿಸುತ್ತದೆ. ಎರಡರ ನಡುವೆ ನಿಂತಿರುವ ವ್ಯವಸ್ಥೆಯ ಹೆಸರು ಎಂಪ್ಲಾಯರ್ ಆಫ್ ರೆಕಾರ್ಡ್, ಚಿಕ್ಕದಾಗಿ ಇಒಆರ್.

ಪಹಣಿಯ ಎರಡು ಕಲಂ

ನಮ್ಮ ಪಹಣಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. 9ನೇ ಕಲಂನಲ್ಲಿ ಜಮೀನು ಯಾರ ಹೆಸರಿನಲ್ಲಿದೆ ಅಂತ ಇರುತ್ತದೆ. 12ನೇ ಕಲಂನಲ್ಲಿ ಉಳುತ್ತಿರುವವರು ಯಾರು ಅಂತ ಇರುತ್ತದೆ. ಎರಡೂ ಕಡೆ ಒಂದೇ ಹೆಸರು ಇರಲೇಬೇಕು ಅಂತೇನಿಲ್ಲ.

ಇಒಆರ್ ಅಂದರೆ 9ನೇ ಕಲಂನ ಹೆಸರು. ವಿದೇಶಿ ಕಂಪನಿಗೆ ಇಲ್ಲಿ ಕಚೇರಿ ಇಲ್ಲ, ನೋಂದಣಿ ಇಲ್ಲ. ಆದರೆ ಮೈಸೂರಿನ ಒಬ್ಬ ಎಂಜಿನಿಯರ್ ಬೇಕು. ಆಗ ಇಲ್ಲಿ ನೋಂದಣಿಯಾಗಿರುವ ಇಒಆರ್ ಕಂಪನಿ ಆ ಎಂಜಿನಿಯರನ್ನು ತನ್ನ ನೌಕರ ಎಂದು ನೇಮಿಸಿಕೊಳ್ಳುತ್ತದೆ. ಸಂಬಳ, ಪಿಎಫ್, ಪ್ರೊಫೆಷನಲ್ ಟ್ಯಾಕ್ಸ್, ವಿಮೆ, ಗ್ರ್ಯಾಚುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಇಡಿಗಂಟು) ಎಲ್ಲ ಅದರ ಹೆಗಲಿಗೆ. ಕೆಲಸ ಹೇಳುವುದು, ಕೆಲಸದ ಗುಣಮಟ್ಟ ನೋಡುವುದು, ಬಡ್ತಿ ಕೊಡುವುದು ವಿದೇಶಿ ಕಂಪನಿ. ಪ್ರತಿ ತಿಂಗಳು ಸಂಬಳದ ಖರ್ಚಿನ ಮೇಲೆ ತನ್ನ ಶುಲ್ಕ ಸೇರಿಸಿ ಇಒಆರ್ ಡಾಲರ್‌ನಲ್ಲಿ ಬಿಲ್ ಕಳಿಸುತ್ತದೆ. ಡೀಲ್, ರಿಮೋಟ್, ಮಲ್ಟಿಪ್ಲೈಯರ್, ರಿಪ್ಲಿಂಗ್ ಮುಂತಾದವು ಈ ವ್ಯವಹಾರದ ದೊಡ್ಡ ಹೆಸರುಗಳು.

ಇದು ಮೋಸ ಖಂಡಿತ ಅಲ್ಲ. ಆದರೆ ಒಂದು ವಿಷಯ ನೆನಪಿರಲಿ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ಬಂದಾಗ ಕಾನೂನು 9ನೇ ಕಲಂ ಬಿಟ್ಟು 12ನೇ ಕಲಂ ನೋಡಿತು. ಕಾಗದದ ಮಾಲೀಕ ಒಬ್ಬ, ನಿಜದ ಸಂಬಂಧ ಇನ್ನೊಬ್ಬರ ಜೊತೆ ಅಂತಾದಾಗ ಕಾನೂನು ಎಂದಾದರೂ ಒಂದು ದಿನ 'ಉಳುವವರು ಯಾರು' ಎಂದು ಕೇಳಿಯೇ ಕೇಳುತ್ತದೆ. ಇಒಆರ್ ಸುತ್ತ ಇರುವ ಗೊಂದಲಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಅಮೆರಿಕ ಒಂದು ಕೈಲಿ ತಳ್ಳುತ್ತದೆ, ಇನ್ನೊಂದು ಕೈಲಿ ಎಳೆಯುತ್ತದೆ

1 ಲಕ್ಷ ಡಾಲರ್ ಶುಲ್ಕ ಎಲ್ಲರಿಗೂ ಅಲ್ಲ. ಈಗಾಗಲೇ ವೀಸಾ ಇದ್ದು ನವೀಕರಿಸುವವರಿಗೆ ಇದು ತಗಲುವುದಿಲ್ಲ. ಹೊರದೇಶದಲ್ಲಿ ಇರುವವರನ್ನು ಹೊಸದಾಗಿ ಕರೆಸಿಕೊಳ್ಳುವಾಗ ತಗಲುತ್ತದೆ. ಅಂದರೆ ಬೆಂಗಳೂರಿನಲ್ಲಿರುವ ಎಂಜಿನಿಯರನ್ನು ಅಲ್ಲಿಗೆ ಕರೆಸುವುದು ದುಬಾರಿಯಾಯಿತು. ದೊಡ್ಡ ಕಂಪನಿಗಳಿಗೆ ಇಲ್ಲಿ ಸ್ವಂತ ಕಚೇರಿ ಇದೆ, ಅದರಲ್ಲೇ ಕೂರಿಸುತ್ತವೆ. ಇಪ್ಪತ್ತು ಮೂವತ್ತು ಜನರ ಸ್ಟಾರ್ಟಪ್‌ಗೆ ಅದಿಲ್ಲ. ಅದರ ಕಣ್ಣು ನೇರವಾಗಿ ಇಒಆರ್ ಕಡೆ ಹೋಗುತ್ತದೆ.

ಹಾಗಾದರೆ ಅಮೆರಿಕದ ಕಂಪನಿಗಳು ಸಾಲುಗಟ್ಟಿ ಬರುತ್ತವೆ ಎನ್ನಬಹುದಾ? ಅಷ್ಟು ಸುಲಭವಿಲ್ಲ. 2025ರ ಜುಲೈನಲ್ಲಿ ಸಹಿಯಾದ ಅಲ್ಲಿನ ತೆರಿಗೆ ಕಾನೂನಿನ ಒಂದು ಸಾಲನ್ನು ನಮ್ಮಲ್ಲಿ ಅಷ್ಟಾಗಿ ಯಾರೂ ಗಮನಿಸಲಿಲ್ಲ. ಸಾಫ್ಟ್‌ವೇರ್ ಕಟ್ಟುವ ಖರ್ಚು ಅಲ್ಲಿ ಸಂಶೋಧನಾ ಖರ್ಚು ಎಂದು ಲೆಕ್ಕ. ಆ ಕೆಲಸ ಅಮೆರಿಕದೊಳಗೆ ನಡೆದರೆ ಪೂರ್ತಿ ಖರ್ಚನ್ನು ಅದೇ ವರ್ಷದ ಆದಾಯದಲ್ಲಿ ಕಳೆಯಬಹುದು. ಹೊರಗೆ ನಡೆದರೆ 15 ವರ್ಷಕ್ಕೆ ಹಂಚಬೇಕು. ಲಾಭವೇ ಸರಿಯಾಗಿ ಬರದ ಸಣ್ಣ ಕಂಪನಿಗೆ ಇದು ಸಣ್ಣ ಏಟಲ್ಲ. ಇಲ್ಲಿ ಸಂಬಳದಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲಿ ತೆರಿಗೆಗೆ ಹೋಗುತ್ತದೆ.

ಇದರ ಮೇಲೆ ಸೆನೆಟರ್ ಬರ್ನಿ ಮೊರೆನೊ ಸೆಪ್ಟೆಂಬರ್ 2025ರಲ್ಲಿ ಮಂಡಿಸಿದ ಹೈರ್ ಆಕ್ಟ್ ಮಸೂದೆ. ಹೊರದೇಶದವರಿಗೆ ಸೇವೆಗಾಗಿ ಕೊಡುವ ಹಣದ ಮೇಲೆ ಶೇ 25 ತೆರಿಗೆ ಹಾಕಬೇಕು ಎನ್ನುವುದು ಅದರ ಪ್ರಸ್ತಾಪ. ಮಂಡಿಸಿದ ಮಸೂದೆಗಳೆಲ್ಲ ಕಾನೂನಾಗುವುದಿಲ್ಲ. ಆದರೆ ಐದು ವರ್ಷದ ಯೋಜನೆ ಹಾಕುವ ಕಂಪನಿ ಇಂಥ ಸುದ್ದಿ ಓದಿದ ಮೇಲೆ ಇಲ್ಲಿ ಕಟ್ಟಡ ಬಾಡಿಗೆಗೆ ಹಿಡಿಯಲು ಹಿಂದೆ ಮುಂದೆ ನೋಡುತ್ತದೆ. ಬೇಡವೆಂದರೆ ಬೇಗ ಬಿಟ್ಟು ಹೋಗಲು ಆಗುವ ದಾರಿ ಹುಡುಕುತ್ತದೆ. ಇಒಆರ್ ಅಂಥ ದಾರಿ. ಕಂಪನಿಗೆ ಇದು ಅನುಕೂಲ. ನೌಕರನಿಗೆ ಇದೇ ಭಯ.

ಕಾಂಟ್ರ್ಯಾಕ್ಟರ್ ಯಾಕಾಗಬಾರದು, ಸ್ವಂತ ಕಂಪನಿ ಯಾಕಾಗಬಾರದು

ವಿದೇಶಿ ಕಂಪನಿಯ ಮುಂದೆ ಇನ್ನೂ ಎರಡು ದಾರಿ ಇವೆ.

ಒಂದು, ಎಂಜಿನಿಯರನ್ನು ಸ್ವತಂತ್ರ ಕಾಂಟ್ರ್ಯಾಕ್ಟರ್ ಎಂದು ಇಟ್ಟುಕೊಳ್ಳುವುದು. ಪಿಎಫ್ ಇಲ್ಲ, ಗ್ರ್ಯಾಚುಟಿ ಇಲ್ಲ, ತಿಂಗಳಿಗೊಂದು ಇನ್‌ವಾಯ್ಸ್ ಅಷ್ಟೇ. ಎಷ್ಟೋ ಎಂಜಿನಿಯರುಗಳಿಗೂ ಇದೇ ಇಷ್ಟ. ಕೆಲವು ವೃತ್ತಿಗಳಲ್ಲಿ 75 ಲಕ್ಷದವರೆಗಿನ ಆದಾಯದಲ್ಲಿ ಅರ್ಧವನ್ನು ಮಾತ್ರ ಲಾಭ ಎಂದು ತೋರಿಸಲು ಆದಾಯ ತೆರಿಗೆಯಲ್ಲಿ ಅವಕಾಶ ಇದೆ. ಕೈಗೆ ಜಾಸ್ತಿ ಸಿಗುತ್ತದೆ. ತೊಂದರೆ ಬರುವುದು ಆ ವ್ಯಕ್ತಿ ದಿನವಿಡೀ ಒಂದೇ ಕಂಪನಿಗೆ, ಅವರು ಹೇಳಿದ ಸಮಯಕ್ಕೆ, ಅವರ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮಾಡುತ್ತಿದ್ದರೆ. ಆಗ ಕಾಗದದಲ್ಲಿ ಕಾಂಟ್ರ್ಯಾಕ್ಟರ್ ಎಂದಿದ್ದರೂ ನಡೆಯುತ್ತಿರುವುದು ನೌಕರಿಯೇ. ಹೆರಿಗೆ ರಜೆ ಬೇಕಾದಾಗ, ಗೃಹಸಾಲಕ್ಕೆ ಬ್ಯಾಂಕು ಸ್ಯಾಲರಿ ಸ್ಲಿಪ್ ಕೇಳಿದಾಗ ಇದರ ಬಿಸಿ ಗೊತ್ತಾಗುತ್ತದೆ.

ಇನ್ನೊಂದು, ಇಲ್ಲೇ ಸ್ವಂತ ಪ್ರೈವೇಟ್ ಲಿಮಿಟೆಡ್ ತೆರೆಯುವುದು. ಇಬ್ಬರು ನಿರ್ದೇಶಕರು ಬೇಕು. ಅವರಲ್ಲಿ ಒಬ್ಬರಾದರೂ ವರ್ಷಕ್ಕೆ 182 ದಿನ ಭಾರತದಲ್ಲಿ ಇರುವವರಾಗಬೇಕು. ಪ್ರತಿ ವರ್ಷ ಆಡಿಟ್, ಮೂಲ ಕಂಪನಿ ಜೊತೆಗಿನ ವ್ಯವಹಾರಕ್ಕೆ ಟ್ರಾನ್ಸ್‌ಫರ್ ಪ್ರೈಸಿಂಗ್ ಲೆಕ್ಕ, ಅಂದರೆ ಒಂದೇ ಗುಂಪಿನ ಕಂಪನಿಗಳು ಪರಸ್ಪರ ಹಾಕುವ ಬೆಲೆ ಮಾರುಕಟ್ಟೆ ಬೆಲೆಯಂತೆಯೇ ಇದೆ ಎಂದು ತೋರಿಸುವ ಲೆಕ್ಕ. ಮುಚ್ಚುವುದಂತೂ ತೆರೆಯುವುದಕ್ಕಿಂತ ದೊಡ್ಡ ತಲೆನೋವು.

ಇಒಆರ್ ಶುಲ್ಕ ತಲೆಗೆ ತಿಂಗಳಿಗೆ ಸುಮಾರು 400ರಿಂದ 700 ಡಾಲರ್. 600 ಎಂದು ಹಿಡಿದರೆ ಐದು ಜನರಿಗೆ ವರ್ಷಕ್ಕೆ 36 ಸಾವಿರ ಡಾಲರ್. ಇಪ್ಪತ್ತು ಜನರಾದರೆ 1 ಲಕ್ಷದ 44 ಸಾವಿರ. ಐದು ಜನರಿಗೆ ಇದು ಸಲೀಸು. ಇಪ್ಪತ್ತರ ಹೊತ್ತಿಗೆ ಯಾವ ಲೆಕ್ಕಿಗನೂ ಸ್ವಂತ ಕಂಪನಿ ತೆರೆಯಿರಿ ಎನ್ನುತ್ತಾನೆ. ಹಾಗಾಗಿ ಇಒಆರ್ ಹೆಚ್ಚಿನವರಿಗೆ ದಾರಿಯಲ್ಲಿನ ಛತ್ರ. ಎರಡು ಮೂರು ವರ್ಷ ಉಳಿಯುತ್ತಾರೆ, ಆಮೇಲೆ ಮನೆ ಕಟ್ಟುತ್ತಾರೆ, ಇಲ್ಲವೇ ಊರು ಬಿಡುತ್ತಾರೆ. ಕರ್ನಾಟಕ ಸರ್ಕಾರದ 2024-29ರ ಜಿಸಿಸಿ ನೀತಿ 2029ರೊಳಗೆ 500 ಹೊಸ ಜಾಗತಿಕ ಸಾಮರ್ಥ್ಯ ಕೇಂದ್ರಗಳ (ವಿದೇಶಿ ಕಂಪನಿಗಳು ಇಲ್ಲಿ ತೆರೆಯುವ ಸ್ವಂತ ಕಚೇರಿಗಳು, ಚಿಕ್ಕದಾಗಿ ಜಿಸಿಸಿ) ಗುರಿ ಇಟ್ಟುಕೊಂಡಿದೆ. ನನ್ನ ಲೆಕ್ಕದಲ್ಲಿ ಅವುಗಳಲ್ಲಿ ಸಣ್ಣವು ಕೆಲವಾದರೂ ಇಒಆರ್ ಛತ್ರದಿಂದಲೇ ಎದ್ದು ಬರುತ್ತವೆ.

ಸಂಹಿತೆಗಳು ಸಂಬಳಕ್ಕೆ ಏನು ಮಾಡಿದವು

ನಾಲ್ಕು ಸಂಹಿತೆಗಳು 29 ಹಳೆಯ ಕಾನೂನುಗಳ ಜಾಗಕ್ಕೆ ಬಂದಿವೆ. ಇಒಆರ್ ನೌಕರರಿಗೆ ನೇರವಾಗಿ ತಟ್ಟುವುದು 'ವೇತನ' ಎಂಬ ಪದದ ಹೊಸ ಅರ್ಥ. ಎಚ್‌ಆರ್‌ಎ, ಕನ್ವೇಯನ್ಸ್ ಥರದ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನೂ ವೇತನ ಎಂದೇ ಲೆಕ್ಕ ಹಾಕಬೇಕು.

ತಿಂಗಳಿಗೆ 2.5 ಲಕ್ಷ ಸಂಬಳ ಇದೆ, ಬೇಸಿಕ್ 75 ಸಾವಿರ ಇಟ್ಟಿದ್ದಾರೆ ಎಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಒಂದು ವರ್ಷದ ಸೇವೆಗೆ ಗ್ರ್ಯಾಚುಟಿ ಸುಮಾರು 43 ಸಾವಿರ. ಈಗ ವೇತನ ಕನಿಷ್ಠ 1.25 ಲಕ್ಷ ಎಂದಾಗುತ್ತದೆ, ಗ್ರ್ಯಾಚುಟಿ ಸುಮಾರು 72 ಸಾವಿರಕ್ಕೆ ಏರುತ್ತದೆ. ಪಿಎಫ್ ಅಷ್ಟು ಹಾರಬೇಕಿಲ್ಲ. 15 ಸಾವಿರದ ಮಿತಿಗೆ ಮಾತ್ರ ಕಟ್ಟುವ ಕಂಪನಿಯಾದರೆ ತಿಂಗಳಿಗೆ 1,800 ರೂಪಾಯಿಯೇ ಮುಂದುವರಿಯುತ್ತದೆ.

ಈ ಹೆಚ್ಚುವರಿ 29 ಸಾವಿರ ಯಾರ ಜೇಬಿನಿಂದ? ಕಾನೂನಿನ ಪ್ರಕಾರ ಉದ್ಯೋಗದಾತ, ಅಂದರೆ ಇಒಆರ್. ಆದರೆ ಇಒಆರ್ ತನ್ನ ಜೇಬಿನಿಂದ ಏನನ್ನೂ ಕೊಡುವುದಿಲ್ಲ. ಬಿಲ್‌ಗೆ ಸೇರಿಸಿ ವಿದೇಶಿ ಕಂಪನಿಗೆ ಕಳಿಸುತ್ತದೆ. ವಿದೇಶಿ ಕಂಪನಿ 'ನಾವು ಒಪ್ಪಿದ್ದು ಒಟ್ಟು ಸಿಟಿಸಿಗೆ' (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿಗೆ) ಎಂದು ಹೇಳಿದರೆ, ಗ್ರ್ಯಾಚುಟಿಯನ್ನು ಸಿಟಿಸಿ ಒಳಗೇ ತುರುಕುತ್ತಾರೆ. ಕೊನೆಗೆ ಕಡಿಮೆಯಾಗುವುದು ಕೈಗೆ ಬರುವ ಹಣ.

ನಿಗದಿತ ಅವಧಿಗೆ ನೇಮಕವಾದವರಿಗೆ ಈಗ ಒಂದೇ ವರ್ಷಕ್ಕೆ ಗ್ರ್ಯಾಚುಟಿ ಹಕ್ಕು ಬರುತ್ತದೆ. ಕಾಯಂ ನೌಕರರಿಗೆ ಮಾತ್ರ ಹಿಂದಿನಂತೆ ಐದು ವರ್ಷ. ಛತ್ರದಲ್ಲಿ ಐದು ವರ್ಷ ಉಳಿಯುವವರು ಕಡಿಮೆ. ಆದ್ದರಿಂದ 'ಕಾಯಂ' ಎನ್ನುವ ಗೌರವದ ಪದಕ್ಕಿಂತ 'ಎರಡು ವರ್ಷದ ಅವಧಿ' ಎನ್ನುವ ಸಪ್ಪೆ ಪದವೇ ಇಲ್ಲಿ ನೌಕರನಿಗೆ ಲಾಭ ತರಬಹುದು. ವಿಚಿತ್ರ, ಅಲ್ವಾ?

ರಾಜ್ಯದ ನಿಯಮಗಳೂ ಇವೆ. ಕೆಲಸ ಮಾಡುವುದು ದಾವಣಗೆರೆಯ ಮನೆಯಿಂದ, ಇಒಆರ್ ಕಚೇರಿ ಗುರುಗ್ರಾಮದಲ್ಲಿ. ಕರ್ನಾಟಕದ ಪ್ರೊಫೆಷನಲ್ ಟ್ಯಾಕ್ಸ್ ಕಟ್ಟಬೇಕಾ? ಕರ್ನಾಟಕ ಸರ್ಕಾರ ನವೆಂಬರ್ 2025ರಲ್ಲಿ ಆದೇಶಿಸಿದ, ಆಮೇಲೆ ಹೈಕೋರ್ಟ್ ಮೆಟ್ಟಿಲೇರಿದ ತಿಂಗಳಿಗೊಂದು ದಿನದ ಮುಟ್ಟಿನ ರಜೆ ಸಿಗುತ್ತದಾ? ಒಳ್ಳೆಯ ಇಒಆರ್ ನೌಕರ ಕೂತು ಕೆಲಸ ಮಾಡುವ ರಾಜ್ಯದಲ್ಲೂ ನೋಂದಣಿ ಮಾಡಿಸಿರುತ್ತದೆ. ಸೇರುವ ಮೊದಲೇ ಕೇಳಿ ತಿಳಿಯಬಹುದಾದ ಸಂಗತಿ ಇದು.

ಬೆಂಚ್ ಇದೆಯೇ?

ಈಗ ಕಗ್ಗಂಟಿನ ಭಾಗ. ಉದ್ಯೋಗ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಗುತ್ತಿಗೆ ಕಾರ್ಮಿಕರ ಹಳೆಯ 1970ರ ಕಾನೂನಿನ ಜಾಗಕ್ಕೆ ಬಂದಿದೆ. ಕಂಪನಿಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಬಳಸಬಾರದು ಎನ್ನುತ್ತದೆ, ಕೆಲವು ವಿನಾಯಿತಿ ಬಿಟ್ಟು. ಸಾಫ್ಟ್‌ವೇರ್ ಕಂಪನಿಗೆ ಸಾಫ್ಟ್‌ವೇರ್ ಬರೆಯುವುದೇ ಮುಖ್ಯ ಕೆಲಸ. ಹಾಗಾದರೆ ಇಒಆರ್ ಮೂಲಕ ಬಂದ ಎಂಜಿನಿಯರ್ ಗುತ್ತಿಗೆ ಕಾರ್ಮಿಕನೇ?

ಇಒಆರ್ ಕಡೆಯವರ ವಾದ ಹೀಗೆ. ಸಂಹಿತೆಯೇ ಒಂದು ಬಾಗಿಲು ತೆರೆದಿಟ್ಟಿದೆ. ಗುತ್ತಿಗೆದಾರನ ಬಳಿ ಕಾಯಂ ಆಗಿ ಇರುವವರು, ನಿಯಮಿತವಾಗಿ ಇನ್‌ಕ್ರಿಮೆಂಟ್ ಪಡೆಯುವವರು, ಸಾಮಾಜಿಕ ಭದ್ರತೆ ಇರುವವರು ಗುತ್ತಿಗೆ ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ನೌಕರರಿಗೆ ಇದೆಲ್ಲ ಇದೆ. ಮೇಲಾಗಿ ನಮ್ಮ ಗ್ರಾಹಕನಾದ ವಿದೇಶಿ ಕಂಪನಿಗೆ ಭಾರತದಲ್ಲಿ ಸಂಸ್ಥೆಯೇ ಇಲ್ಲ, ನಿಷೇಧ ಯಾರ ಮೇಲೆ?

ಎದುರು ವಾದವೂ ಗಟ್ಟಿಯಾಗಿಯೇ ಇದೆ. ಇನ್‌ಕ್ರಿಮೆಂಟ್ ತೀರ್ಮಾನಿಸುವುದು ಗ್ರಾಹಕ. ತೆಗೆದುಹಾಕುವುದು ಗ್ರಾಹಕ. ಗ್ರಾಹಕ ಹೋದ ದಿನ ಕೆಲಸವೂ ಹೋಗುತ್ತದೆ. ಇನ್ನು 'ಕಾಯಂ' ಎಲ್ಲಿ ಬಂತು?

ಇಲ್ಲಿ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಒಂದು ಪದ ಸಹಾಯಕ್ಕೆ ಬರುತ್ತದೆ: ಬೆಂಚ್. ದೊಡ್ಡ ಐಟಿ ಸರ್ವಿಸ್ ಕಂಪನಿಯಲ್ಲಿ ಪ್ರಾಜೆಕ್ಟ್ ಮುಗಿದರೆ ಎಂಜಿನಿಯರ್ ಬೆಂಚ್‌ಗೆ ಬರುತ್ತಾನೆ, ಸಂಬಳ ಮುಂದುವರಿಯುತ್ತದೆ, ಇನ್ನೊಂದು ಪ್ರಾಜೆಕ್ಟ್ ಹುಡುಕುತ್ತಾರೆ. ಬೆಂಚ್ ಮೇಲೆ ಎಷ್ಟು ದಿನ ಅನ್ನುವುದು ಬೇರೆ ಮಾತು. ಕೆಲಸದ ಸಂಬಂಧ ಮಾತ್ರ ಆ ಕಂಪನಿಯ ಜೊತೆಗೇ ಇದೆ. ಇಒಆರ್‌ಗೆ ಬೆಂಚ್ ಇಲ್ಲ. ಸಂಹಿತೆಯ ವಿನಾಯಿತಿ ಐಟಿ ಸರ್ವಿಸ್ ಕಂಪನಿಗೆ ಸರಿಯಾಗಿ ಹೊಂದುತ್ತದೆ. ಇಒಆರ್‌ಗೆ ಅದು ದೊಗಲೆ ಅಂಗಿ.

ನ್ಯಾಯಾಲಯಗಳು ಇಂಥದ್ದನ್ನು ಹೇಗೆ ನೋಡುತ್ತವೆ ಎನ್ನುವುದಕ್ಕೆ ಎರಡು ತೀರ್ಪುಗಳು ಸುಳಿವು ಕೊಡುತ್ತವೆ. 2014ರಲ್ಲಿ ಏರ್ ಇಂಡಿಯಾ ಕ್ಯಾಂಟೀನ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆರು ಪ್ರಶ್ನೆ ಇಟ್ಟಿತು. ನೇಮಿಸುವವರು ಯಾರು, ಸಂಬಳ ಕೊಡುವವರು ಯಾರು, ತೆಗೆಯುವ ಅಧಿಕಾರ ಯಾರದು, ಶಿಸ್ತುಕ್ರಮ ಯಾರದು, ಸೇವೆ ನಿರಂತರವೇ, ನಿಯಂತ್ರಣ ಎಷ್ಟು. ಆ ಕಾರ್ಮಿಕರು ಏರ್ ಇಂಡಿಯಾ ನೌಕರರಲ್ಲ ಎಂದೇ ಕೋರ್ಟ್ ತೀರ್ಮಾನಿಸಿತು. ಇಒಆರ್ ವಿಷಯದಲ್ಲಿ ಮೊದಲ ಎರಡು ಪ್ರಶ್ನೆಗೆ ಉತ್ತರ ಸ್ಪಷ್ಟ. ಉಳಿದ ನಾಲ್ಕಕ್ಕೆ ಕಾಗದ ಒಂದು ಹೇಳುತ್ತದೆ, ಕಚೇರಿಯ ಚಾಟ್ ಆದ ಸ್ಲ್ಯಾಕ್ ಮೆಸೇಜುಗಳು ಇನ್ನೊಂದು ಹೇಳುತ್ತವೆ.

ಇನ್ನೊಂದು ಬೆಂಗಳೂರಿನ ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಪ್ರಕರಣ, 2022ರ ಮೇ 19ರ ತೀರ್ಪು. ಅದು ಸರ್ವಿಸ್ ಟ್ಯಾಕ್ಸ್ ಜಗಳ. ವಿದೇಶಿ ಗುಂಪಿನ ಕಂಪನಿಗಳಿಂದ ಜನ ಇಲ್ಲಿಗೆ ಎರವಲು ಬಂದಿದ್ದರು. ದಿನನಿತ್ಯ ಕೆಲಸ ಹೇಳುತ್ತಿದ್ದುದು ಬೆಂಗಳೂರಿನ ಕಂಪನಿ. ಆದರೂ ನಿಜವಾದ ಉದ್ಯೋಗದಾತರು ವಿದೇಶಿ ಕಂಪನಿಗಳೇ ಎಂದಿತು ಸುಪ್ರೀಂ ಕೋರ್ಟ್. ಅವಧಿ ಮುಗಿದ ಮೇಲೆ ಅವರು ಮರಳಿ ಹೋಗುವುದು ಅಲ್ಲಿಗೇ ಎನ್ನುವುದು ಒಂದು ಮುಖ್ಯ ಕಾರಣ. ಈ ಅಳತೆಗೋಲನ್ನು ಇಒಆರ್‌ಗೆ ಹಿಡಿದು ನೋಡಿ. ಕೆಲಸ ಮುಗಿದ ಮೇಲೆ ನೌಕರ ಎಲ್ಲಿಗೆ ಮರಳುತ್ತಾನೆ? ಎಲ್ಲಿಗೂ ಇಲ್ಲ.

ಮೈಕ್ರೋಸಾಫ್ಟ್‌ನ ಹಳೆಯ ಪಾಠ

ಅಮೆರಿಕದವರಿಗೂ ಇದು ಹೊಸದಲ್ಲ. 1990ರ ದಶಕದಲ್ಲಿ ಮೈಕ್ರೋಸಾಫ್ಟ್ ವರ್ಷಗಟ್ಟಲೆ ದುಡಿಯುತ್ತಿದ್ದ ಫ್ರೀಲ್ಯಾನ್ಸರ್‌ಗಳನ್ನು ತೆರಿಗೆ ಇಲಾಖೆ ತಕರಾರು ಎತ್ತಿದ ಮೇಲೆ ಏಜೆನ್ಸಿಗಳ ಪಟ್ಟಿಗೆ ದಾಟಿಸಿತು. ಅದೇ ಕೆಲಸ, ಸಂಬಳದ ಚೀಟಿ ಮಾತ್ರ ಬೇರೆ. ಅವರು ಕೋರ್ಟಿಗೆ ಹೋದರು. ಕೇಳಿದ್ದು ಮುಖ್ಯವಾಗಿ ಷೇರು ಖರೀದಿ ಯೋಜನೆಯಲ್ಲಿ ಪಾಲು. 2000ದಲ್ಲಿ ಮೈಕ್ರೋಸಾಫ್ಟ್ 9.7 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅಂದಿನಿಂದ ಅಲ್ಲಿನ ವಕೀಲರು ಮೂರನೆಯವರ ಮೂಲಕ ಬಂದ ನೌಕರರಿಗೆ ಷೇರು ಕೊಡುವ ಮಾತು ಬಂದರೆ ಮೊದಲು ಬ್ರೇಕ್ ಹಾಕುತ್ತಾರೆ.

ನಮ್ಮಲ್ಲಿ ಷೇರಿನ ವಿಷಯಕ್ಕೆ ಇನ್ನೊಂದು ಗಂಟು ಇದೆ, ಫೆಮಾ ಅಂದರೆ ವಿದೇಶಿ ವಿನಿಮಯ ಕಾನೂನಿನ ಗಂಟು. 2022ರ ವಿದೇಶಿ ಹೂಡಿಕೆ ನಿಯಮಗಳ ಪ್ರಕಾರ ವಿದೇಶಿ ಕಂಪನಿ ನೌಕರರಿಗೆ ಕೊಡುವ ಷೇರುಗಳನ್ನು (ಇಎಸ್‌ಒಪಿ) ಭಾರತದ ನೌಕರ ಯಾವ ಮಿತಿಯೂ ಇಲ್ಲದೆ ತೆಗೆದುಕೊಳ್ಳಬಹುದು. ಆದರೆ ಆತ ಆ ಕಂಪನಿಯ ಭಾರತದ ಕಚೇರಿ, ಶಾಖೆ, ಅಂಗಸಂಸ್ಥೆ ಅಥವಾ ಅದು ಷೇರು ಹೊಂದಿರುವ ಕಂಪನಿಯ ನೌಕರನಾಗಿರಬೇಕು. ಇಒಆರ್ ಇವುಗಳಲ್ಲಿ ಯಾವುದೂ ಅಲ್ಲ. ಹಾಗಾಗಿ ಸುಲಭದ ಬಾಗಿಲು ಮುಚ್ಚಿದಂತೆಯೇ. ಉಳಿಯುವುದು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿಯೊಳಗೆ ವ್ಯಕ್ತಿಯೊಬ್ಬ ಹೊರದೇಶಕ್ಕೆ ಹಣ ಕಳಿಸುವ ಎಲ್‌ಆರ್‌ಎಸ್ ದಾರಿ, ಅದರದ್ದೇ ಷರತ್ತುಗಳೊಂದಿಗೆ. ಅದರ ಬದಲು ಕೆಲವು ಕಂಪನಿಗಳು ಷೇರಿನ ಬೆಲೆ ಏರಿದಷ್ಟು ನಗದು ಕೊಡುವ ಒಪ್ಪಂದ ಮಾಡಿಕೊಳ್ಳುತ್ತವೆ. ಇಂಟರ್‌ವ್ಯೂನಲ್ಲಿ 'ಸ್ಟಾಕ್ ಕೊಡ್ತೀವಿ' ಅಂದದ್ದು ಕಾಗದದಲ್ಲಿ ಯಾವ ರೂಪದಲ್ಲಿದೆ ಎಂದು ನೋಡದೆ ಸಹಿ ಹಾಕಿದರೆ ಆ ಮಾತು ಗಾಳಿಗೆ ಹೋದಂತೆ.

ಬರೆದ ಕೋಡ್ ಯಾರದು?

ಇದು ವಿದೇಶಿ ಕಂಪನಿಯ ನಿದ್ದೆ ಕೆಡಿಸಬೇಕಾದ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೌಕರ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಒಡೆಯ ಉದ್ಯೋಗದಾತ. ಸಾಫ್ಟ್‌ವೇರ್ ಕೂಡ ಇದರಲ್ಲಿ ಬರುತ್ತದೆ. ಉದ್ಯೋಗದಾತ ಯಾರು? ಇಒಆರ್. ಅಂದರೆ ಒಪ್ಪಂದದಲ್ಲಿ ಬೇರೆ ಬರೆಯದಿದ್ದರೆ ಕಂಪನಿಯ ಅಮೂಲ್ಯ ಕೋಡ್ ಕಾಗದದಲ್ಲಿ ಪೇರೋಲ್ ನಡೆಸುವವರ ಆಸ್ತಿ.

ಆದ್ದರಿಂದ ಎರಡು ಹಂತದ ವರ್ಗಾವಣೆ ಬರೆಯುತ್ತಾರೆ. ನೌಕರನಿಂದ ಇಒಆರ್‌ಗೆ, ಇಒಆರ್‌ನಿಂದ ಗ್ರಾಹಕನಿಗೆ. ಇಲ್ಲಿ ಭಾರತದ ಕಾನೂನಿನ ಒಂದು ಮೊಳೆ ಇದೆ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಯಾವ ದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು. ಅಮೆರಿಕದ ನಮೂನೆ ಒಪ್ಪಂದವನ್ನು ಹಾಗೇ ಅಂಟಿಸಿದವರು ಇಲ್ಲಿ ಸಿಕ್ಕಿಬೀಳಬಹುದು. ಪೇಟೆಂಟ್ ಇನ್ನೂ ಬಿಗಿ. ಭಾರತದಲ್ಲಿ ವಾಸಿಸುವ ಆವಿಷ್ಕಾರಕನ ಹೆಸರಿನಲ್ಲಿ ನೇರವಾಗಿ ಅಮೆರಿಕದಲ್ಲಿ ಅರ್ಜಿ ಹಾಕುವ ಮುನ್ನ ಇಲ್ಲಿನ ಪೇಟೆಂಟ್ ಕಚೇರಿಯ ಅನುಮತಿ ಬೇಕು, ಇಲ್ಲವೇ ಇಲ್ಲಿ ಮೊದಲು ಅರ್ಜಿ ಹಾಕಿ ಆರು ವಾರ ಕಾಯಬೇಕು.

ನೌಕರನ ಕಡೆಯಿಂದ ಒಂದು ಸಮಾಧಾನ. 'ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು' ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ. ಸುಮ್ನೆ ಹೆದರಿಸಲು ಬರೆದಿರುತ್ತಾರೆ.

ತೆರಿಗೆಯವರ ಕಣ್ಣು

ವಿದೇಶಿ ಕಂಪನಿಗೆ ಭಾರತದಲ್ಲಿ 'ಕಾಯಂ ನೆಲೆ' ಇದೆ ಎಂದು ಆದಾಯ ತೆರಿಗೆ ಇಲಾಖೆ ತೀರ್ಮಾನಿಸಿದರೆ, ಆ ನೆಲೆಗೆ ಸೇರಿದ ಲಾಭಕ್ಕೆ ಶೇ 35ರ ದರದಲ್ಲಿ ತೆರಿಗೆ ಬೀಳುತ್ತದೆ, ಸರ್‌ಚಾರ್ಜ್ ಬೇರೆ. ಇಒಆರ್ ಇಟ್ಟುಕೊಂಡ ಮಾತ್ರಕ್ಕೆ ಈ ಅಪಾಯ ತಪ್ಪುವುದಿಲ್ಲ. ಕೆಲವು ಜಾಹೀರಾತುಗಳು ತಪ್ಪುತ್ತದೆ ಎನ್ನುವಂತೆ ಬರೆಯುತ್ತವೆ, ಅದನ್ನು ನಂಬಬೇಕಿಲ್ಲ.

ನೋಡುವುದು ನೌಕರ ಮಾಡುವ ಕೆಲಸವನ್ನು. 2017ರ ಇ-ಫಂಡ್ಸ್ ಪ್ರಕರಣದಲ್ಲಿ ಇಲ್ಲಿಂದ ಬರೀ ಸಹಾಯಕ ಕೆಲಸ ನಡೆದರೆ ಕಾಯಂ ನೆಲೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜುಲೈನಲ್ಲಿ ಹಯಾತ್ ಹೋಟೆಲ್ ಪ್ರಕರಣದಲ್ಲಿ, ಸ್ವಂತ ಕಚೇರಿ ಇಲ್ಲದಿದ್ದರೂ ವ್ಯವಹಾರದ ಹಿಡಿತ ಇದ್ದರೆ ನೆಲೆ ಇದೆ ಎಂದೇ ಅರ್ಥ ಎಂದಿತು. ಮನೆಯಲ್ಲಿ ಕೂತು ಟೆಸ್ಟಿಂಗ್ ಮಾಡುವವರಿಂದ ಕಂಪನಿಗೆ ಅಪಾಯ ಕಡಿಮೆ. ಇಲ್ಲಿನ ಗ್ರಾಹಕರ ಜೊತೆ ಬೆಲೆ ಕುದುರಿಸಿ ಒಪ್ಪಂದ ಮುಗಿಸುವ 'ಇಂಡಿಯಾ ಹೆಡ್' ಅನ್ನು ಇಒಆರ್ ಮೂಲಕ ಇಟ್ಟರೆ ಅಪಾಯ ಜಾಸ್ತಿ.

ಕೆಲಸದಿಂದ ತೆಗೆಯುವ ದಿನ

ಎಲ್ಲ ಒಪ್ಪಂದಗಳ ಪರೀಕ್ಷೆ ಆಗುವುದು ಆ ದಿನ. ಅಮೆರಿಕದಲ್ಲಿ ಬಹುಪಾಲು ಕಡೆ ಕಾರಣ ಕೊಡದೆ, ನೋಟಿಸ್ ಇಲ್ಲದೆ ಕಳಿಸಬಹುದು. ಅಲ್ಲಿನ ಮ್ಯಾನೇಜರ್ ಶುಕ್ರವಾರ ಸಂಜೆ ಲಾಗಿನ್ ಮುಚ್ಚಿ, ಇಒಆರ್‌ಗೆ ಒಂದು ಮೇಲ್ ಹಾಕುತ್ತಾನೆ. ಅವನ ಪಾಲಿಗೆ ಮುಗಿಯಿತು.

ಇಲ್ಲಿ ಶುರುವಾಗುತ್ತದೆ. ಕಾನೂನಿನ ಪ್ರಕಾರ 'ಕಾರ್ಮಿಕ' ಎನಿಸಿಕೊಳ್ಳುವ ವ್ಯಕ್ತಿ ಒಂದು ವರ್ಷ ಸೇವೆ ಮುಗಿಸಿದ್ದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಪರಿಹಾರ. ಹೊಸ ಸಂಹಿತೆ ಇದಕ್ಕೆ, ಕೆಲಸ ಹೋದವರು ಹೊಸ ಕೌಶಲ ಕಲಿಯಲೆಂದು ಇರುವ ಮರುಕೌಶಲ್ಯ ನಿಧಿಯ ಇನ್ನೊಂದು 15 ದಿನದ ವೇತನ ಸೇರಿಸಿದೆ. ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಮೇಲ್ವಿಚಾರಕ ಹುದ್ದೆಯಲ್ಲಿದ್ದು ತಿಂಗಳಿಗೆ 18 ಸಾವಿರಕ್ಕಿಂತ ಹೆಚ್ಚು ಪಡೆಯುವವರು ಕಾರ್ಮಿಕರಲ್ಲ. ಹಾಗಾಗಿ 'ಲೀಡ್', 'ಮ್ಯಾನೇಜರ್' ಎಂಬ ಬಿರುದು ಸುಮ್ನೆ ಬರುವುದಿಲ್ಲ. ಕೈ ಕೆಳಗೆ ಯಾರೂ ಇಲ್ಲದೆ ತಾನೇ ಕೋಡ್ ಬರೆಯುವ 'ಲೀಡ್' ಕಾರ್ಮಿಕನೇ ಎಂದು ವಾದಿಸಲು ಜಾಗ ಇದೆ.

ಈ ಹಣ ಕೊಡಬೇಕಾದವರು ಇಒಆರ್. ಆದರೆ ಗ್ರಾಹಕ ಬಿಲ್ ತೀರಿಸದಿದ್ದರೆ? ಇದೇ ಭಯಕ್ಕೆ ಕೆಲವು ಇಒಆರ್‌ಗಳು ಒಂದೆರಡು ತಿಂಗಳ ಸಂಬಳವನ್ನು ಠೇವಣಿಯಾಗಿ ಮೊದಲೇ ಕೇಳುತ್ತವೆ. ಠೇವಣಿ ಸಾಲದಿದ್ದಾಗ ಇಒಆರ್ ಸುಲಭದ ದಾರಿ ಹಿಡಿಯುವ ಸಾಧ್ಯತೆ ಇದೆ: ನೌಕರನಿಗೆ ಫೋನ್ ಮಾಡಿ 'ನೀವೇ ರಾಜೀನಾಮೆ ಕೊಟ್ಟುಬಿಡಿ, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ' ಎನ್ನುವುದು. ರಾಜೀನಾಮೆ ಕೊಟ್ಟರೆ ಆ ಪರಿಹಾರದ ಹಕ್ಕು ಅಲ್ಲಿಗೇ ಮುಗಿಯುತ್ತದೆ.

ಮಾಮೂಲಿ ಗುತ್ತಿಗೆಯಲ್ಲಿ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು ಎಂದು ಕಾನೂನಿದೆ. ಕಾರ್ಖಾನೆ ಪೀಣ್ಯದಲ್ಲೇ ಇದ್ದರೆ ಗೇಟಿಗೆ ಹೋಗಿ ಕೇಳಬಹುದು. ಇಲ್ಲಿ ಮೂಲ ಮಾಲೀಕನಿಗೆ ಗೇಟೇ ಇಲ್ಲ.

ಬೆಂಗಳೂರಿನಿಂದ ಹೊರಕ್ಕೆ

ಗಾಡಿ ಇನ್ನೊಂದು ದಿಕ್ಕಿಗೂ ಓಡುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಬರ್ಲಿನ್‌ನಲ್ಲಿ ಒಬ್ಬ ಮಾರಾಟಗಾರನನ್ನು ಇಡಬೇಕಾದರೆ ಅಲ್ಲಿನ ಇಒಆರ್ ಹಿಡಿಯುತ್ತದೆ. ವಿದೇಶಿ ಬಿಲ್ ಮೇಲೆ ರಿವರ್ಸ್ ಚಾರ್ಜ್‌ನಲ್ಲಿ (ಮಾರಿದವರ ಬದಲು ಕೊಂಡವರೇ ತೆರಿಗೆ ಕಟ್ಟುವ ಪದ್ಧತಿ) ಶೇ 18 ಜಿಎಸ್‌ಟಿಯನ್ನು ಇಲ್ಲೇ ಕಟ್ಟಬೇಕು, ರಫ್ತುದಾರರಾದರೆ ಕ್ರೆಡಿಟ್ ಸಿಗುತ್ತದೆ.

ಜರ್ಮನಿ ಇಂಥ ವ್ಯವಸ್ಥೆಯನ್ನು ಕಾರ್ಮಿಕರನ್ನು ಎರವಲು ಕೊಡುವುದು ಎಂದೇ ನೋಡುತ್ತದೆ. ಎರವಲು ಕೊಡುವವರಿಗೆ ಲೈಸೆನ್ಸ್ ಬೇಕು. ಸಾಮಾನ್ಯವಾಗಿ 18 ತಿಂಗಳು ದಾಟಿದರೆ ನೌಕರ ಕೆಲಸ ಮಾಡಿಸಿಕೊಂಡ ಕಂಪನಿಯವನೇ ಎಂದು ಕಾನೂನು ಭಾವಿಸುತ್ತದೆ. ಅಂದರೆ ಅಲ್ಲಿ 12ನೇ ಕಲಂಗೆ ಒಂದು ಗಡಿಯಾರ ಕಟ್ಟಿದ್ದಾರೆ. ನಮ್ಮ ಸಂಹಿತೆಗಳಲ್ಲಿ ಅಂಥ ಗಡಿಯಾರ ಇಲ್ಲ.

ಮುಂದಿನ ಎರಡು ವರ್ಷ

ಕಣ್ಣಿಗೆ ಕಾಣುವ ಬದಲಾವಣೆ ಮೂರು ಕಡೆ ಬರಬಹುದು. ಇಒಆರ್ ಶುಲ್ಕ ಮತ್ತು ಠೇವಣಿ ಏರುತ್ತವೆ, ಯಾಕೆಂದರೆ ಗ್ರ್ಯಾಚುಟಿಯ ಹೊರೆ ಏರಿದೆ, ಬಾಕಿ ತೀರಿಸಲು ಇರುವ ಸಮಯ ಎರಡು ದಿನಕ್ಕೆ ಇಳಿದಿದೆ. ಹತ್ತು ಹದಿನೈದು ಜನ ದಾಟಿದ ಕಂಪನಿಗಳು ಬೇಗ ಸ್ವಂತ ಕಂಪನಿ ತೆರೆಯುತ್ತವೆ. ಆಗ ನೌಕರರಿಗೆ ಹೊಸ ಆಫರ್ ಲೆಟರ್ ಬರುತ್ತದೆ. ಹಳೆಯ ಸೇವೆ ಗ್ರ್ಯಾಚುಟಿಗೆ ಎಣಿಕೆಯಾಗುತ್ತದೆ ಎಂದು ಇಒಆರ್, ಹೊಸ ಕಂಪನಿ, ನೌಕರ ಮೂವರೂ ಸಹಿ ಹಾಕಿದ ಕಾಗದ ಇಲ್ಲದಿದ್ದರೆ ಮೂರು ವರ್ಷದ ಸೇವೆ ಸೊನ್ನೆಯಿಂದ ಶುರುವಾಗುತ್ತದೆ.

ಮೂರನೆಯದು ಮೊಕದ್ದಮೆ. 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘದಂಥ ಸಂಘಟನೆಗಳು ಕೆಲಸದಿಂದ ತೆಗೆದ ಪ್ರಕರಣಗಳನ್ನು ಕಾರ್ಮಿಕ ಇಲಾಖೆಗೆ ಒಯ್ಯುವುದು ಈಗ ಹೊಸದೇನಲ್ಲ. 'ಮುಖ್ಯ ಕೆಲಸ' ಎಂಬ ಪದಕ್ಕೆ ಅರ್ಥ ಹೇಳಿ ಎಂದು ಕೇಳುವ ಮೊದಲ ಇಒಆರ್ ದೂರು ಇಂದಲ್ಲ ನಾಳೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಬರುತ್ತದೆ. ಆ ದಿನ ನೋಟಿಸ್ ಹೋಗುವುದು ಇಒಆರ್‌ನ ಇಲ್ಲಿನ ವಿಳಾಸಕ್ಕೆ. 'ತೆಗೆಯಲು ಹೇಳಿದ್ದು ನಾವಲ್ಲ' ಎಂದು ಅದು ಉತ್ತರಿಸುತ್ತದೆ. ಹೇಳಿದವರ ವಿಳಾಸ ಅಮೆರಿಕದ ಡೆಲವೇರ್‌ನಲ್ಲಿ.